ಹೊಸ ಕಿಡ್ನಿ ಬಂದಮೇಲೆ ಶುಗರ್ ಮಾತ್ರೆಯ ಲೆಕ್ಕವೇ ಬೇರೆ

ಡಯಾಲಿಸಿಸ್‌ನಲ್ಲಿದ್ದಾಗ ಇನ್ಸುಲಿನ್ ಹೆಚ್ಚುಕಡಿಮೆ ನಿಂತೇಹೋಗಿತ್ತು. ಶುಗರ್ ತಾನಾಗಿಯೇ 120, 140ರಲ್ಲಿ ಇರುತ್ತಿತ್ತು. ಈಗ ಕಸಿ ಆಗಿದೆ, ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕಸ) 1.2ಕ್ಕೆ ಇಳಿದಿದೆ, ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಡಾಕ್ಟರು ಖುಷಿಯಲ್ಲಿದ್ದಾರೆ, ಆದರೆ ಶುಗರ್ ಮಾತ್ರ 300 ದಾಟುತ್ತಿದೆ. ಕಸಿ ಮಾಡಿಸಿಕೊಂಡವರ ಮನೆಗಳಲ್ಲಿ ತುಂಬಾ ಸಲ ಕೇಳಿಬರುವ ಗಾಬರಿ ಇದು. ಏನೋ ಎಡವಟ್ಟಾಗಿದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಎಡವಟ್ಟೇನೂ ಆಗಿಲ್ಲ. ಕಿಡ್ನಿ ಕೆಲಸ ಮಾಡುತ್ತಿರುವುದೇ ಇದಕ್ಕೆ ಒಂದು ಕಾರಣ.

ಹೇಗೆ ಅಂದರೆ, ಮೈಯಲ್ಲಿ ಓಡಾಡುವ ಇನ್ಸುಲಿನ್ ತನ್ನ ಕೆಲಸ ಮುಗಿಸಿದ ಮೇಲೆ ಎಲ್ಲೋ ಒಂದು ಕಡೆ ಖಾಲಿಯಾಗಬೇಕಲ್ಲ. ಲಿವರ್ ಮತ್ತು ಕಿಡ್ನಿ ಸೇರಿ ಅದನ್ನು ಖಾಲಿ ಮಾಡುತ್ತವೆ. ಚುಚ್ಚಿಕೊಂಡ ಇನ್ಸುಲಿನ್ ವಿಷಯದಲ್ಲಂತೂ ಕಿಡ್ನಿಯ ಪಾಲು ದೊಡ್ಡದು. ಕಿಡ್ನಿ ಕೆಟ್ಟಾಗ ಇನ್ಸುಲಿನ್ ರಕ್ತದಲ್ಲೇ ಹೆಚ್ಚು ಹೊತ್ತು ಉಳಿದು ಶುಗರ್ ಇಳಿಸುತ್ತಲೇ ಇರುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ: ಕಿಡ್ನಿ ತಾನೂ ಸಕ್ಕರೆ ತಯಾರಿಸುತ್ತದೆ. ಹೊಟ್ಟೆ ಖಾಲಿ ಇದ್ದಾಗ ಲಿವರ್ ಜೊತೆ ಅದೂ ರಕ್ತಕ್ಕೆ ಗ್ಲುಕೋಸ್ ಬಿಡುತ್ತದೆ. ಕೆಟ್ಟ ಕಿಡ್ನಿಗೆ ಅದು ಸರಿಯಾಗಿ ಆಗುವುದಿಲ್ಲ. ಮೇಲಾಗಿ ಡಯಾಲಿಸಿಸ್‌ನವರಿಗೆ ಹಸಿವೂ ಕಡಿಮೆ, ಊಟವೂ ಕಡಿಮೆ. ಎಲ್ಲಾ ಸೇರಿ ಸಕ್ಕರೆ ಕಾಯಿಲೆ ಹೋಗೇಬಿಟ್ಟಿತು ಅನ್ನಿಸುತ್ತದೆ, ನಿಜಕ್ಕೂ ಹೋಗಿರುವುದಿಲ್ಲ. ಹೊಸ ಕಿಡ್ನಿ ಬಂದಮೇಲೆ ಇನ್ಸುಲಿನ್ ಮೊದಲಿನಂತೆ ಬೇಗ ಖರ್ಚಾಗುತ್ತದೆ, ಕಿಡ್ನಿ ಸಕ್ಕರೆ ಬಿಡತೊಡಗುತ್ತದೆ, ಬಾಯಿಗೆ ರುಚಿ ಬಂದು ಎರಡು ಮುದ್ದೆ ಜಾಸ್ತಿ ಇಳಿಯುತ್ತದೆ, ಇದೆಲ್ಲದರ ಮೇಲೆ ರಿಜೆಕ್ಷನ್, ಅಂದರೆ ಮೈ ಹೊಸ ಕಿಡ್ನಿಯನ್ನು ತನ್ನದಲ್ಲ ಅಂತ ತಿರಸ್ಕರಿಸುವುದನ್ನು, ತಡೆಯುವ ಮಾತ್ರೆಗಳು.

ಇದೇ ಲೆಕ್ಕ ಹಿಂದುಮುಂದಾಗಿಯೂ ಕೆಲಸ ಮಾಡುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಕಸಿ ಆಗಿ ಒಂದೆರಡು ವರ್ಷ ಕಳೆದಿದೆ, ದಿನಕ್ಕೆ 30 ಯೂನಿಟ್ ಇನ್ಸುಲಿನ್ ಬೇಕಾಗುತ್ತಿತ್ತು, ಊಟ ತಿಂಡಿ ಏನೂ ಬದಲಾಗಿಲ್ಲ, ಆದರೂ ಇದ್ದಕ್ಕಿದ್ದಂತೆ ಶುಗರ್ ಕೆಳಗಿಳಿಯುತ್ತಿದೆ, 20 ಯೂನಿಟ್ಟೇ ಸಾಕಾಗುತ್ತಿದೆ. ಶುಗರ್ ಕಂಟ್ರೋಲ್‌ಗೆ ಬಂತು ಅಂತ ಖುಷಿಪಡುವ ಮೊದಲು ಆ ವಾರವೇ ಕ್ರಿಯಾಟಿನಿನ್ ನೋಡಿಸಬೇಕು. ಕಿಡ್ನಿ ಸೋಲುತ್ತಿದ್ದರೆ ಇನ್ಸುಲಿನ್ ಮತ್ತೆ ಮೈಯಲ್ಲೇ ಉಳಿಯತೊಡಗುತ್ತದೆ, ಅದರ ಸುಳಿವು ಹೀಗೂ ಸಿಗಬಹುದು.

ಮೊದಲು ಶುಗರ್ ಇರಲೇ ಇಲ್ಲವಲ್ಲ?

ಭಾರತದಲ್ಲಿ ಕಿಡ್ನಿ ಕೆಡುವುದಕ್ಕೆ ಸಕ್ಕರೆ ಕಾಯಿಲೆಯೇ ಮೊದಲ ಕಾರಣ. ದೇಶದ ದೀರ್ಘಕಾಲದ ಕಿಡ್ನಿ ಕಾಯಿಲೆಯ ರಿಜಿಸ್ಟ್ರಿಯ ಲೆಕ್ಕದಲ್ಲಿ ಅದರ ಪಾಲು ಸುಮಾರು 31 ಶೇಕಡಾ. ಹಾಗಾಗಿ ಕಸಿ ಮಾಡಿಸಿಕೊಳ್ಳುವ ಬಹಳಷ್ಟು ಜನ ಶುಗರ್ ಹೊತ್ತುಕೊಂಡೇ ಆಪರೇಷನ್ ಟೇಬಲ್‌ಗೆ ಹೋಗುತ್ತಾರೆ. ಆದರೆ ಜೀವನದಲ್ಲಿ ಎಂದೂ ಶುಗರ್ ಇಲ್ಲದವರಿಗೂ ಕಸಿ ಆದಮೇಲೆ ಬರುತ್ತದೆ. ಯಾರು ಎಣಿಸಿದರು, ಹೇಗೆ ಎಣಿಸಿದರು ಅನ್ನುವುದರ ಮೇಲೆ ಈ ಲೆಕ್ಕ 10ರಿಂದ 40 ಶೇಕಡಾವರೆಗೂ ಏರಿಳಿಯುತ್ತದೆ. ಡಾಕ್ಟರುಗಳು ಇದನ್ನು ಪಿಟಿಡಿಎಂ ಅನ್ನುತ್ತಾರೆ, ಅಂದರೆ ಕಸಿಯ ನಂತರದ ಮಧುಮೇಹ.

ಇದರಲ್ಲಿ ದೊಡ್ಡ ಪಾಲು ಮಾತ್ರೆಗಳದ್ದೇ. ಸಾಮಾನ್ಯವಾಗಿ ಕಸಿಯವರ ಡಬ್ಬಿಯಲ್ಲಿ ಮೂರು ಮುಖ್ಯ ಮಾತ್ರೆ ಇರುತ್ತವೆ: ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್. ಮೈಕೋಫಿನೊಲೇಟ್ ಪಾಪ ಶುಗರ್ ತಂಟೆಗೆ ಹೋಗುವುದಿಲ್ಲ. ಟ್ಯಾಕ್ರೋಲಿಮಸ್ ಹೋಗುತ್ತದೆ. 1984ರಲ್ಲಿ ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನ ಒಂದು ಸೂಕ್ಷ್ಮಜೀವಿಯಲ್ಲಿ ಸಿಕ್ಕ ಔಷಧಿ ಇದು, ಕಸಿ ಚಿಕಿತ್ಸೆಯನ್ನೇ ಬದಲಾಯಿಸಿತು. ನಮ್ಮ ರಕ್ಷಣಾ ಕಣಗಳಲ್ಲಿರುವ ಕ್ಯಾಲ್ಸಿನ್ಯೂರಿನ್ ಅನ್ನುವ ಕಿಣ್ವವನ್ನು ತಡೆಹಿಡಿದು, ಹೊಸ ಕಿಡ್ನಿಯ ಮೇಲೆ ಅವು ಏರಿಹೋಗದಂತೆ ನೋಡಿಕೊಳ್ಳುತ್ತದೆ. ತೊಂದರೆ ಏನೆಂದರೆ ಇನ್ಸುಲಿನ್ ತಯಾರಿಸುವ ಮೇದೋಜೀರಕದ ಬೀಟಾ ಕಣಗಳಿಗೂ ಅದೇ ಕಿಣ್ವ ಬೇಕು. ಅಲ್ಲೂ ತಡೆ ಬಿದ್ದು ಇನ್ಸುಲಿನ್ ಕಡಿಮೆಯಾಗುತ್ತದೆ. ಸಾಲದ್ದಕ್ಕೆ ಟ್ಯಾಕ್ರೋಲಿಮಸ್‌ನಿಂದ ಮೂತ್ರದಲ್ಲಿ ಮೆಗ್ನೀಸಿಯಂ ಸೋರಿಹೋಗುತ್ತದೆ, ಮೆಗ್ನೀಸಿಯಂ ಕಡಿಮೆ ಇರುವವರಲ್ಲಿ ಶುಗರ್ ಜಾಸ್ತಿ ಕಾಣಿಸಿಕೊಳ್ಳುತ್ತದೆ.

ಪ್ರೆಡ್ನಿಸೊಲೋನ್, ನಮ್ಮವರ ಬಾಯಲ್ಲಿ ವೈಸೊಲೋನ್ ಅಥವಾ ಬರೀ ಸ್ಟೆರಾಯ್ಡ್, ಬೇರೆ ದಾರಿ ಹಿಡಿಯುತ್ತದೆ. ಲಿವರ್‌ನಿಂದ ಜಾಸ್ತಿ ಸಕ್ಕರೆ ಬಿಡಿಸುತ್ತದೆ, ಸ್ನಾಯುಗಳು ಇನ್ಸುಲಿನ್ ಮಾತು ಕೇಳದ ಹಾಗೆ ಮಾಡುತ್ತದೆ. ಒಂದು ಕಡೆ ಇನ್ಸುಲಿನ್ ಕಡಿಮೆ, ಇನ್ನೊಂದು ಕಡೆ ಇರುವ ಇನ್ಸುಲಿನ್ ಕೆಲಸಕ್ಕೆ ಬಾರದು. ವಯಸ್ಸಾದವರು, ಹೊಟ್ಟೆ ಬಂದವರು, ಮನೆತನದಲ್ಲಿ ಶುಗರ್ ಇರುವವರು, ಹೆಪಟೈಟಿಸ್ ಸಿ ಇರುವವರು ಬೇಗ ಸಿಕ್ಕಿಬೀಳುತ್ತಾರೆ. ಯುರೋಪಿನವರಿಗಿಂತ ನಮಗೆ ಹುಟ್ಟಿನಿಂದಲೇ ಅಪಾಯ ಜಾಸ್ತಿ, ಅದು ಗೊತ್ತಿರುವ ವಿಷಯವೇ.

ಹಾಗಾದರೆ ಆ ಮಾತ್ರೆಗಳನ್ನೇ ಕಡಿಮೆ ಮಾಡಿಕೊಂಡರೆ?

ಮಾಡಬೇಡಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ. ಶುಗರ್ ಇಳಿಸಲು ಹತ್ತು ದಾರಿ ಇದೆ, ಅಮ್ಮನೋ ಹೆಂಡತಿಯೋ ಕೊಟ್ಟ ಕಿಡ್ನಿ, ಇಲ್ಲವೇ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾದು ಸಿಕ್ಕ ಕಿಡ್ನಿ ರಿಜೆಕ್ಟ್ ಆದರೆ ಮತ್ತೆ ಡಯಾಲಿಸಿಸ್. ಸ್ಟೆರಾಯ್ಡ್ ಅರ್ಧ ಮಾಡಿ ನೋಡೋಣ, ಟ್ಯಾಕ್ರೋ ಒಂದು ಹೊತ್ತು ಬಿಟ್ಟು ನೋಡೋಣ ಅನ್ನುವ ಮನೆಯ ಪ್ರಯೋಗ ಬೇಡವೇ ಬೇಡ.

ಡಾಕ್ಟರು ಮಾಡುವುದು ಬೇರೆ. ರಿಜೆಕ್ಷನ್ ಅಪಾಯ ಕಡಿಮೆ ಇರುವವರಲ್ಲಿ ಸ್ಟೆರಾಯ್ಡ್ ಬೇಗ ನಿಲ್ಲಿಸಿದರೆ ಏನಾಗುತ್ತದೆ ಅಂತ ಜರ್ಮನಿಯಲ್ಲಿ 600ಕ್ಕೂ ಹೆಚ್ಚು ಜನರ ಮೇಲೆ ನಡೆದ ಹಾರ್ಮನಿ ಎಂಬ ಪ್ರಯೋಗ 2016ರಲ್ಲಿ ಹೊರಬಂತು. ಒಂದು ವರ್ಷದಲ್ಲಿ ಹೊಸದಾಗಿ ಶುಗರ್ ಬಂದವರು 39 ಶೇಕಡಾ ಇದ್ದದ್ದು 24ರ ಆಸುಪಾಸಿಗೆ ಇಳಿಯಿತು, ರಿಜೆಕ್ಷನ್ ಹೆಚ್ಚಾಗಲಿಲ್ಲ. ಹಾಗೆಯೇ ಟ್ಯಾಕ್ರೋಲಿಮಸ್‌ನಿಂದ ಹಳೆಯ ಸೈಕ್ಲೋಸ್ಪೋರಿನ್‌ಗೆ ಬದಲಾಯಿಸಿದರೆ ಕೆಲವರಲ್ಲಿ ಶುಗರ್ ವಾಪಸ್ ಹೋಗುತ್ತದೆ. ಆದರೆ ಇದಕ್ಕೆಲ್ಲ ಯಾರ ಕಿಡ್ನಿ, ಎಷ್ಟು ಹೊಂದಾಣಿಕೆ, ಹಿಂದೆ ರಿಜೆಕ್ಷನ್ ಆಗಿತ್ತೇ, ರಕ್ತದಲ್ಲಿ ಆ ಕಿಡ್ನಿಯ ವಿರುದ್ಧ ಆಂಟಿಬಾಡಿ ಇದೆಯೇ ಅಂತ ನೋಡಿ, ರಕ್ತದಲ್ಲಿ ಔಷಧಿಯ ಲೆವೆಲ್ ಅಳೆಯುತ್ತಾ ಮಾಡಬೇಕು. ಬಹಳಷ್ಟು ಜನರಲ್ಲಿ ಮೊದಲ ತಿಂಗಳುಗಳು ಕಳೆದಂತೆ ಟ್ಯಾಕ್ರೋ ಲೆವೆಲ್ಲೂ ಸ್ಟೆರಾಯ್ಡ್ ಡೋಸೂ ಹೇಗಿದ್ದರೂ ಕೆಳಗೆ ಬರುತ್ತವೆ, ಅದರ ಜೊತೆ ಶುಗರ್ ಸಹ ಸ್ವಲ್ಪ ಇಳಿಯುತ್ತದೆ. ಸ್ವಲ್ಪ ತಾಳ್ಮೆ ಬೇಕು.

ಬೆಳಗಿನ ಶುಗರ್ ನಂಬಿ ಕೂರಬೇಡಿ

ನಮ್ಮಲ್ಲಿ ಶುಗರ್ ಟೆಸ್ಟ್ ಅಂದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬ್‌ಗೆ ಓಡುವುದು. ಕಸಿಯವರಿಗೆ ಈ ಅಭ್ಯಾಸ ಮೋಸ ಮಾಡುತ್ತದೆ. ಪ್ರೆಡ್ನಿಸೊಲೋನ್ ಬೆಳಗ್ಗೆ ತಿಂಡಿಯ ಜೊತೆ ತಗೊಳ್ಳುತ್ತಾರೆ, ಅದರ ಪ್ರಭಾವ ಮಧ್ಯಾಹ್ನದಿಂದ ಸಂಜೆವರೆಗೆ ಜೋರಾಗಿದ್ದು ರಾತ್ರಿ ಇಳಿಯುತ್ತದೆ. ಬೆಳಗ್ಗೆ ನೋಡಿದರೆ 98, ಸಂಜೆ ನಾಲ್ಕಕ್ಕೆ ನೋಡಿದರೆ 260. ಗ್ಲುಕೋಮೀಟರ್ ಇದ್ದವರು ಮಧ್ಯಾಹ್ನ ಊಟ ಆಗಿ ಎರಡು ಗಂಟೆಗೆ, ಮತ್ತೆ ರಾತ್ರಿ ಊಟಕ್ಕೆ ಮುಂಚೆ ನೋಡಿಕೊಳ್ಳುವುದು ಒಳ್ಳೆಯದು.

ಎಚ್‌ಬಿಎ1ಸಿ, ಅದೇ ಮೂರು ತಿಂಗಳ ಶುಗರ್ ಅಂತೀವಲ್ಲ, ಅದೂ ಮೊದಲ ಕೆಲವು ತಿಂಗಳು ಸರಿಯಾಗಿ ಹೇಳುವುದಿಲ್ಲ. ಅದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯ ಲೆಕ್ಕ. ಕಸಿಯ ಹೊತ್ತಿಗೆ ರಕ್ತ ಹಾಕಿಸಿಕೊಂಡಿರುತ್ತಾರೆ, ಹಿಮೋಗ್ಲೋಬಿನ್ ಏರಿಸುವ ಇಂಜೆಕ್ಷನ್ ತಗೊಂಡಿರುತ್ತಾರೆ, ಹೊಸ ಕಿಡ್ನಿ ಬಂದು ಹೊಸ ರಕ್ತಕಣಗಳು ಹುಟ್ಟುತ್ತಿರುತ್ತವೆ. ಹೊಸ ಕಣಕ್ಕೆ ಸಕ್ಕರೆ ಅಂಟಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ, ರಿಪೋರ್ಟ್‌ನಲ್ಲಿ 5.8 ಬಂದು ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಅನುಮಾನ ಇದ್ದಾಗ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆಯೇ ಗಟ್ಟಿ. 200 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಶುಗರ್ ಅಂತಲೇ ಅರ್ಥ. ಆಪರೇಷನ್ ಆದ ಮೊದಲ ವಾರಗಳಲ್ಲಿ ಸ್ಟೆರಾಯ್ಡ್ ಡೋಸ್ ಜೋರಾಗಿರುವುದರಿಂದ ಬಹುತೇಕ ಎಲ್ಲರಿಗೂ ಶುಗರ್ ಏರುತ್ತದೆ, ಆಗಲೇ ಡಯಾಬಿಟಿಸ್ ಅಂತ ಹಣೆಪಟ್ಟಿ ಹಚ್ಚಬಾರದು, ಹಾಗಂತ ಚಿಕಿತ್ಸೆ ಮಾಡದೆ ಬಿಡಲೂಬಾರದು.

ಯಾವ ಔಷಧಿ, ಯಾಕೆ

ಆಸ್ಪತ್ರೆಯಲ್ಲಿರುವಾಗ ಇನ್ಸುಲಿನ್ನೇ. ಡೋಸನ್ನು ದಿನದಿನಕ್ಕೆ ಏರಿಸಬಹುದು ಇಳಿಸಬಹುದು, ರಿಜೆಕ್ಷನ್ ಮಾತ್ರೆಗಳ ಜೊತೆ ಯಾವ ಜಗಳವೂ ಇಲ್ಲ. ಬೆಳಗಿನ ಸ್ಟೆರಾಯ್ಡ್‌ಗೆ ಬೆಳಗಿನ ಎನ್‌ಪಿಎಚ್ ಅನ್ನುವ, ಮಧ್ಯಮ ಹೊತ್ತು ಕೆಲಸ ಮಾಡುವ ಇನ್ಸುಲಿನ್ ಚೆನ್ನಾಗಿ ಹೊಂದುತ್ತದೆ, ಎರಡೂ ಒಂದೇ ಹೊತ್ತಿಗೆ ಏರಿ ಒಂದೇ ಹೊತ್ತಿಗೆ ಇಳಿಯುತ್ತವೆ. ವಿಯೆನ್ನಾದಲ್ಲಿ 50 ಜನರ ಮೇಲೆ ಒಂದು ಕುತೂಹಲದ ಪ್ರಯೋಗ ನಡೆದಿತ್ತು, 2012ರಲ್ಲಿ ಪ್ರಕಟವಾಯಿತು. ಆಪರೇಷನ್ ಆದ ಕೂಡಲೇ, ಶುಗರ್ ಇನ್ನೂ ಮಿತಿಮೀರುವ ಮೊದಲೇ ಅರ್ಧದಷ್ಟು ಜನಕ್ಕೆ ಇನ್ಸುಲಿನ್ ಕೊಟ್ಟು ಬೀಟಾ ಕಣಗಳಿಗೆ ಸ್ವಲ್ಪ ವಿಶ್ರಾಂತಿ ಸಿಗುವಂತೆ ಮಾಡಿದರು. ವರ್ಷ ಕಳೆದಾಗ ಆ ಗುಂಪಿನಲ್ಲಿ ಶುಗರ್ ಉಳಿದವರು ತುಂಬಾ ಕಡಿಮೆ. ಆಮೇಲೆ ಇದನ್ನೇ ದೊಡ್ಡದಾಗಿ ಮಾಡಿನೋಡಿದಾಗ ಲಾಭ ಅಷ್ಟು ಸ್ಪಷ್ಟವಾಗಿ ಸಿಗಲಿಲ್ಲ. ಆದರೂ ಇನ್ಸುಲಿನ್ ಶುರುಮಾಡಿದರು ಅಂದರೆ ಜೀವನ ಪೂರ್ತಿ ಅದೇ ಗತಿ ಅನ್ನುವ ನಮ್ಮವರ ಹೆದರಿಕೆಗೆ ಇಲ್ಲಿ ಉತ್ತರ ಇದೆ. ಕಸಿಯ ನಂತರ ಇನ್ಸುಲಿನ್ ಶುರುವಾಗಿ, ಸ್ಟೆರಾಯ್ಡ್ ಇಳಿದಂತೆ ನಿಂತುಹೋಗುವವರು ಬೇಕಾದಷ್ಟು ಜನ ಇದ್ದಾರೆ.

ಮೆಟ್‌ಫಾರ್ಮಿನ್ ಹಳೆಯ ನಂಬಿಕೆಯ ಮಾತ್ರೆ, ಅಗ್ಗ, ತೂಕ ಏರಿಸುವುದಿಲ್ಲ. ಅದು ಹೊರಹೋಗುವುದು ಪೂರ್ತಿ ಕಿಡ್ನಿ ಮೂಲಕ. ಕಿಡ್ನಿ ಮಂಕಾಗಿದ್ದರೆ ಮೈಯಲ್ಲಿ ಸೇರಿಕೊಂಡು ಲ್ಯಾಕ್ಟಿಕ್ ಆಸಿಡ್ ಏರುವ ಅಪರೂಪದ, ಆದರೆ ಗಂಭೀರ ತೊಂದರೆ ಬರಬಹುದು. ರಿಪೋರ್ಟ್‌ನಲ್ಲಿ ಇಜಿಎಫ್‌ಆರ್ ಅಂತ ಬರೆದಿರುತ್ತಾರಲ್ಲ, ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು, ಅದು 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಬೇಡ, 30ರಿಂದ 45ರ ನಡುವೆ ಹೊಸದಾಗಿ ಶುರುಮಾಡುವುದಿಲ್ಲ. ಕಸಿಯವರಲ್ಲಿ ಎಷ್ಟೋ ಜನರ ಇಜಿಎಫ್‌ಆರ್ 50, 60ರಲ್ಲಿ ಇರುತ್ತದೆ, ಒಂದು ಸೋಂಕು ಬಂದರೆ ಕೆಳಗೆ ಜಾರುತ್ತದೆ. ಹಾಗಾಗಿ ಕೆಲವು ಡಾಕ್ಟರು ಕೊಡುತ್ತಾರೆ, ಕೆಲವರು ಹಿಂಜರಿಯುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಥ ಇದೆ.

ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಜಾತಿಯವು ಶುಗರ್ ಬೇಗ ಇಳಿಸುತ್ತವೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಜಾಸ್ತಿಯೇ. ಹಳೆಯ ಗ್ಲಿಬೆನ್‌ಕ್ಲಮೈಡ್ ಅಂತೂ ಕಿಡ್ನಿ ತೊಂದರೆ ಇರುವವರಿಗೆ ಬೇಡವೇ ಬೇಡ. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನಕ್ಕೆ ಯಾರೂ ಹೇಳಿರುವುದಿಲ್ಲ. ಕಸಿ ಆದ ಮೊದಲ ತಿಂಗಳುಗಳಲ್ಲಿ ಶ್ವಾಸಕೋಶದ ಸೋಂಕು ತಡೆಯಲು ಸೆಪ್ಟ್ರಾನ್ ಮಾದರಿಯ ಸಲ್ಫಾ ಮಾತ್ರೆ ಕೊಟ್ಟಿರುತ್ತಾರೆ. ಗ್ಲಿಮೆಪಿರೈಡ್‌ನಂಥವು ಲಿವರ್‌ನಲ್ಲಿ ಕರಗುವುದನ್ನು ಆ ಸಲ್ಫಾ ನಿಧಾನ ಮಾಡುತ್ತದೆ. ಅದೇ ಡೋಸ್, ಅದೇ ಊಟ, ಆದರೆ ಬೆಳಗಿನ ಜಾವ ಬೆವರಿ ಕೈ ನಡುಗಿ ಎಚ್ಚರವಾಗುತ್ತದೆ. ಬಾಯಿಹುಣ್ಣು, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಕೂಡ ಹೀಗೆಯೇ, ಅದು ಟ್ಯಾಕ್ರೋ ಲೆವೆಲ್ಲನ್ನೂ ಮೇಲಕ್ಕೆ ಎತ್ತುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತಗೊಂಡ ಒಂದು ಮಾತ್ರೆ ಎರಡು ಕಡೆ ಪೆಟ್ಟು ಕೊಡಬಹುದು.

ಪಯೋಗ್ಲಿಟಜೋನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ: ಮೈಗೆ ನೀರು ತುಂಬಿಸುತ್ತದೆ, ಮೂಳೆ ಸವೆಸುತ್ತದೆ, ಸ್ಟೆರಾಯ್ಡ್ ಈಗಾಗಲೇ ಮೂಳೆ ತಿನ್ನುತ್ತಿರುವಾಗ ಅದು ಮೊದಲ ಆಯ್ಕೆ ಆಗುವುದು ಕಷ್ಟ.

ಹೆಸರಿನ ಕೊನೆಗೆ ಗ್ಲಿಪ್ಟಿನ್ ಅಂತ ಬರುವ ಗುಂಪು, ಅಂದರೆ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್, ನಮ್ಮ ದೇಶದಲ್ಲಿ ತುಂಬಾ ಓಡುವ ಟೆನೆಲಿಗ್ಲಿಪ್ಟಿನ್, ಇವು ಸಾಧು ಸ್ವಭಾವದವು. ಒಂದನ್ನೇ ತಗೊಂಡರೆ ಶುಗರ್ ಅಪಾಯಕ್ಕೆ ಇಳಿಯುವುದು ಅಪರೂಪ, ತೂಕ ಏರುವುದಿಲ್ಲ. ಲಿನಾಗ್ಲಿಪ್ಟಿನ್‌ಗೆ ಕಿಡ್ನಿ ಎಷ್ಟೇ ಇಳಿದಿದ್ದರೂ ಡೋಸ್ ಬದಲಿಸಬೇಕಿಲ್ಲ, ಸಿಟಾಗ್ಲಿಪ್ಟಿನ್‌ಗೆ 100, 50, 25 ಅಂತ ಇಳಿಸಬೇಕು. ಕಸಿಯವರ ಮೇಲೆ ಸಣ್ಣ ಪ್ರಯೋಗಗಳೂ ಆಗಿವೆ, ದೊಡ್ಡ ಆಕ್ಷೇಪ ಬಂದಿಲ್ಲ. ಆದರೆ ಹೃದಯಕ್ಕೋ ಕಿಡ್ನಿಗೋ ಹೆಚ್ಚಿನ ಉಪಕಾರ ಇವುಗಳಿಂದ ಸಿಗುವುದಿಲ್ಲ. ಶುಗರ್ ಇಳಿಸುತ್ತವೆ, ಅಷ್ಟೇ.

ಈ 'ಅಷ್ಟೇ' ಯಾಕೆ ಮುಖ್ಯ ಅಂದರೆ, ಕಸಿ ಆದವರು ತೀರಿಕೊಳ್ಳುವುದು ಬಹಳ ಸಲ ಕಿಡ್ನಿ ಕೆಟ್ಟು ಅಲ್ಲ. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಹೃದಯಾಘಾತ, ಪಾರ್ಶ್ವವಾಯು, ಇಲ್ಲವೇ ಸೋಂಕು ಬಂದು ಹೋಗುತ್ತಾರೆ. ಶುಗರ್ ಇದ್ದವರಲ್ಲಿ ಈ ಮೂರೂ ಜಾಸ್ತಿ. ಮೀಟರ್‌ನಲ್ಲಿ ಅಂಕಿ ಇಳಿದರೆ ಸಾಲದು, ಆ ಮಾತ್ರೆಯಿಂದ ಹೃದಯ ಉಳಿಯಿತೇ, ಕಸಿ ಮಾಡಿದ ಕಿಡ್ನಿ ಎಷ್ಟು ವರ್ಷ ಬಾಳಿತು ಅಂತ ಕೇಳಬೇಕು. ಅಂಕಿಯ ವಿಷಯದಲ್ಲೂ ಬಿಗಿ ಹಿಡಿಯುವುದು ಬೇಡ. 2009ರ ಅಂತರರಾಷ್ಟ್ರೀಯ ಕಸಿ ಮಾರ್ಗಸೂಚಿ ಎಚ್‌ಬಿಎ1ಸಿ 7ರಿಂದ 7.5ರ ನಡುವೆ ಇರಲಿ ಅಂದಿತ್ತು, 6ಕ್ಕೆ ಇಳಿಸುವ ಹಠ ಬೇಡ ಅಂತಲೂ ಹೇಳಿತ್ತು.

ಹೊಸ ಮಾತ್ರೆ, ಹೊಸ ಇಂಜೆಕ್ಷನ್

ಈಗ ಎಲ್ಲರೂ ಕೇಳುವ ಎರಡು ಗುಂಪಿಗೆ ಬರೋಣ. ಒಂದು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇರುವ ಎಸ್‌ಜಿಎಲ್‌ಟಿ2 ಗುಂಪು. ರಕ್ತದ ಸಕ್ಕರೆ ಸುಮಾರು 180 ದಾಟುವವರೆಗೆ ಕಿಡ್ನಿ ಅದನ್ನು ಮೂತ್ರಕ್ಕೆ ಬಿಡುವುದಿಲ್ಲ, ಹಿಡಿದು ವಾಪಸ್ ರಕ್ತಕ್ಕೆ ಸೇರಿಸುತ್ತದೆ. ಈ ಮಾತ್ರೆ ಮಾಡುವುದು ಕೆರೆಯ ಕೋಡಿಯನ್ನು ತಗ್ಗಿಸಿದ ಹಾಗೆ. ನೀರು ಅಷ್ಟು ಮೇಲೆ ಬರುವ ಮೊದಲೇ ಹರಿದುಹೋಗುತ್ತದೆ. ಸಕ್ಕರೆಯ ಜೊತೆ ಸ್ವಲ್ಪ ಉಪ್ಪು, ನೀರು ಕೂಡ ಹೋಗಿ ಬಿಪಿ ಇಳಿಯುತ್ತದೆ, ಕಿಡ್ನಿಯ ಸೋಸುವ ಗೊಂಚಲುಗಳ ಮೇಲಿನ ಒತ್ತಡ ಇಳಿಯುತ್ತದೆ. ತಮ್ಮದೇ ಕಿಡ್ನಿ ಇರುವವರಲ್ಲಿ ಇದರ ಫಲ ದೊಡ್ಡದು. 2019ರ ಕ್ರೆಡೆನ್ಸ್, 2020ರ ಡಪಾ-ಸಿಕೆಡಿ, ಆಮೇಲೆ ಬಂದ ಎಂಪಾ-ಕಿಡ್ನಿ, ಮೂರೂ ಪ್ರಯೋಗಗಳು ಕಿಡ್ನಿ ಹಾಳಾಗುವುದು ನಿಧಾನವಾಗುತ್ತದೆ ಅಂತ ತೋರಿಸಿದವು.

ಆದರೆ ಈ ಮೂರೂ ಪ್ರಯೋಗಗಳಲ್ಲಿ ಕಸಿ ಆದವರನ್ನು ಸೇರಿಸಿಕೊಳ್ಳಲೇ ಇಲ್ಲ. ಅವರಿಗೆ ಇರುವುದು ಒಂದೇ ಕಿಡ್ನಿ, ಅದಕ್ಕೆ ನರದ ಸಂಪರ್ಕವೂ ಕಡಿದಿರುತ್ತದೆ, ಸೋಂಕು ತಡೆಯುವ ಶಕ್ತಿ ಮಾತ್ರೆಗಳಿಂದ ಕುಗ್ಗಿರುತ್ತದೆ. ಮೂತ್ರದಲ್ಲಿ ಸಕ್ಕರೆ ಹರಿದರೆ ಸೋಂಕು ಬರುತ್ತದೇನೋ ಅನ್ನುವ ಭಯ ಸಹಜ ಅಲ್ವಾ? ನಾರ್ವೆಯ ಓಸ್ಲೋದಲ್ಲಿ ಈ ಭಯವನ್ನೇ ಪರೀಕ್ಷಿಸಿದರು, 2019ರಲ್ಲಿ ಫಲಿತಾಂಶ ಬಂತು. ಕಸಿ ಆದ 44 ಜನ, ಆರು ತಿಂಗಳು, ಅರ್ಧ ಜನಕ್ಕೆ ಎಂಪಾಗ್ಲಿಫ್ಲೋಜಿನ್, ಅರ್ಧ ಜನಕ್ಕೆ ಖಾಲಿ ಮಾತ್ರೆ. ಮೂತ್ರದ ಸೋಂಕು ಗಮನಿಸುವಷ್ಟು ಹೆಚ್ಚಲಿಲ್ಲ. ತೂಕ ಎರಡೂವರೆ ಕೆಜಿ ಇಳಿಯಿತು. ಎಚ್‌ಬಿಎ1ಸಿ ಇಳಿದದ್ದು ಬರೀ 0.2. ಇಷ್ಟೇನಾ ಅನ್ನಿಸಬಹುದು, ಆದರೆ ಕಿಡ್ನಿ ಎಷ್ಟು ಸೋಸುತ್ತದೋ ಅಷ್ಟೇ ಸಕ್ಕರೆ ಹೊರಗೆ ಹೋಗುವುದು. ಇಜಿಎಫ್‌ಆರ್ 45ಕ್ಕಿಂತ ಕೆಳಗಿರುವವರಲ್ಲಿ ಈ ಗುಂಪಿನ ಮಾತ್ರೆ ಶುಗರ್‌ಗೆ ಅಷ್ಟು ಕೆಲಸ ಮಾಡುವುದಿಲ್ಲ. ಶುಗರ್ ಇಳಿಸಲಿಕ್ಕೇ ಅಂತ ಇದನ್ನು ಕೊಡುತ್ತಿದ್ದರೆ ನಿರಾಸೆಯೇ. ಕಿಡ್ನಿ, ಹೃದಯದ ಲೆಕ್ಕದಲ್ಲಿ ನೋಡಬೇಕು. ಆ ಲೆಕ್ಕಕ್ಕೆ ಕೊರಿಯಾದ ಕೆಲವು ಆಸ್ಪತ್ರೆಗಳು ಕಸಿ ಆದ, ಶುಗರ್ ಇರುವ ಸುಮಾರು 2,000 ಜನರ ದಾಖಲೆ ತೆಗೆದು ನೋಡಿ 2022ರಲ್ಲಿ ಹೇಳಿದವು: ಈ ಮಾತ್ರೆ ತಗೊಂಡವರಲ್ಲಿ ಸಾವು, ಕಸಿ ಕಿಡ್ನಿ ಕೈಕೊಡುವುದು, ಕ್ರಿಯಾಟಿನಿನ್ ಎರಡುಪಟ್ಟಾಗುವುದು, ಈ ಮೂರರ ಒಟ್ಟು ಲೆಕ್ಕ ಕಡಿಮೆ.

ಶುರುಮಾಡಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಅದು ಮಾತ್ರೆಯ ಗುಣವೇ, ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಕಸಿಯವರಲ್ಲಿ ಮಾತ್ರ ಇದು ಮಾತ್ರೆಯಿಂದಲೋ ರಿಜೆಕ್ಷನ್ ಶುರುವಾಯಿತೋ ಅನ್ನುವ ಗೊಂದಲ ತರುತ್ತದೆ. ಅದಕ್ಕೇ ಆಪರೇಷನ್ ಆಗಿ ಕೆಲವು ತಿಂಗಳು ಕಳೆದು, ಕ್ರಿಯಾಟಿನಿನ್ ಒಂದು ಮಟ್ಟಕ್ಕೆ ನಿಂತಮೇಲೆ ಶುರುಮಾಡುತ್ತಾರೆ. ಪದೇಪದೇ ಮೂತ್ರದ ಸೋಂಕು ಆಗುವವರಿಗೆ ಬೇಡ ಅನ್ನುತ್ತಾರೆ. ಖರ್ಚಿನ ವಿಷಯಕ್ಕೆ ಬಂದರೆ ನಮ್ಮ ಅದೃಷ್ಟ ಚೆನ್ನಾಗಿದೆ. ಡಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚ್‌ನಲ್ಲಿ, ಒಂದು ಮಾತ್ರೆಗೆ 60 ರೂಪಾಯಿ ಹತ್ತಿರ ಇದ್ದದ್ದು 10 ರೂಪಾಯಿ ಆಸುಪಾಸಿನಲ್ಲೂ ಸಿಗತೊಡಗಿತು.

ಎರಡನೆಯದು ಜಿಎಲ್‌ಪಿ-1 ಗುಂಪು: ಲಿರಾಗ್ಲುಟೈಡ್, ಡುಲಾಗ್ಲುಟೈಡ್, ಎಲ್ಲರ ಬಾಯಲ್ಲೂ ಇರುವ ಸೆಮಾಗ್ಲುಟೈಡ್. ಹಸಿವು ಕಡಿಮೆ ಮಾಡುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಶುಗರ್ ಏರಿದಾಗ ಮಾತ್ರ ಇನ್ಸುಲಿನ್ ಬಿಡಿಸುತ್ತವೆ. ಸ್ಟೆರಾಯ್ಡ್ ತಿಂದು ಹತ್ತು ಕೆಜಿ ಏರಿದವರಿಗೆ ಆಸೆ ಹುಟ್ಟುವುದು ಸಹಜ. 2024ರಲ್ಲಿ ಬಂದ ಫ್ಲೋ ಪ್ರಯೋಗದಲ್ಲಿ ಶುಗರ್ ಮತ್ತು ಕಿಡ್ನಿ ಕಾಯಿಲೆ ಎರಡೂ ಇದ್ದ 3,533 ಜನರಲ್ಲಿ ಸೆಮಾಗ್ಲುಟೈಡ್ ಕಿಡ್ನಿಯ ದೊಡ್ಡ ತೊಂದರೆಗಳನ್ನು 24 ಶೇಕಡಾ ಕಡಿಮೆ ಮಾಡಿತು. ಅದು ಕಸಿಗಾಗಿ ಮಾಡಿದ ಪ್ರಯೋಗ ಅಲ್ಲ.

ಕಸಿಯವರದ್ದೇ ಲೆಕ್ಕ 2025ರಲ್ಲಿ ಅಮೆರಿಕದಿಂದ ಬಂತು. 2013ರಿಂದ 2020ರ ನಡುವೆ ಮೊದಲ ಸಲ ಕಿಡ್ನಿ ಕಸಿ ಆದ, ಮೊದಲೇ ಶುಗರ್ ಇದ್ದ ಸುಮಾರು 18,000 ಜನರ ದಾಖಲೆ. ಅವರಲ್ಲಿ ಹತ್ತರಲ್ಲಿ ಒಬ್ಬರಷ್ಟು ಜನ ಮಾತ್ರ ಈ ಇಂಜೆಕ್ಷನ್ ತಗೊಂಡಿದ್ದರು. ತಗೊಂಡವರಲ್ಲಿ ಕಸಿ ಕಿಡ್ನಿ ಕಳೆದುಕೊಳ್ಳುವುದು 49 ಶೇಕಡಾ, ಸಾವು 31 ಶೇಕಡಾ ಕಡಿಮೆ ಕಂಡಿತು. ಓದಿದ ಕೂಡಲೇ ನಾಳೆಯೇ ಬರೆಸಿಕೊಳ್ಳೋಣ ಅನ್ನಿಸುತ್ತದೆ. ಸ್ವಲ್ಪ ನಿಲ್ಲಿ. ಇದು ಚೀಟಿ ಎತ್ತಿ ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ಖಾಲಿ ಇಂಜೆಕ್ಷನ್ ಕೊಟ್ಟು ನೋಡಿದ ಪ್ರಯೋಗ ಅಲ್ಲ, ಹಳೆಯ ದಾಖಲೆ ಓದಿದ್ದು. ಅಮೆರಿಕದಲ್ಲಿ ಆ ವರ್ಷಗಳಲ್ಲಿ ಇಷ್ಟು ದುಬಾರಿ ಇಂಜೆಕ್ಷನ್ ಯಾರಿಗೆ ಸಿಗುತ್ತಿತ್ತು? ಒಳ್ಳೆಯ ವಿಮೆ ಇದ್ದವರಿಗೆ, ತಪ್ಪದೆ ಚೆಕಪ್‌ಗೆ ಬರುವವರಿಗೆ, ಕಿಡ್ನಿ ಒಂದು ಹದಕ್ಕೆ ಬಂದಿದೆ ಅಂತ ಡಾಕ್ಟರಿಗೆ ಧೈರ್ಯ ಬಂದವರಿಗೆ. ಇಂಜೆಕ್ಷನ್ ಶುರುವಾಗಬೇಕು ಅಂದರೆ ಅಲ್ಲಿಯವರೆಗೆ ಬದುಕಿರಬೇಕು, ಕಿಡ್ನಿಯೂ ಉಳಿದಿರಬೇಕು. ಲೆಕ್ಕದಲ್ಲಿ ಇದನ್ನೆಲ್ಲ ಸರಿದೂಗಿಸಲು ನೋಡುತ್ತಾರೆ, ಆದರೆ ಪೂರ್ತಿ ಸರಿದೂಗಿಸಲು ಆಗುವುದಿಲ್ಲ. ನನ್ನ ಅನಿಸಿಕೆ ಕೇಳಿದರೆ, 49ರಲ್ಲಿ ಒಂದು ಪಾಲು ಔಷಧಿಯದ್ದು, ಇನ್ನೊಂದು ಪಾಲು ಆ ರೋಗಿಗಳ ಒಳ್ಳೆಯ ಸ್ಥಿತಿಯದ್ದು. ಮೊದಲ ಪಾಲೇ ಸಾಕಷ್ಟು ದೊಡ್ಡದಿರಬಹುದು ಅನ್ನುವ ಆಸೆಗೆ ಫ್ಲೋ ಪ್ರಯೋಗ ಬಲ ಕೊಡುತ್ತದೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ, ಸುದ್ದಿಗಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಇಂಜೆಕ್ಷನ್ ತಗೊಂಡವರಲ್ಲಿ ಕಣ್ಣಿನ ಪರದೆಯ ತೊಂದರೆ ಜಾಸ್ತಿ ಇತ್ತು, ಅದೂ 49 ಶೇಕಡಾ ಹತ್ತಿರವೇ. ವರ್ಷಗಟ್ಟಲೆ ಏರಿದ್ದ ಶುಗರ್ ದಿಢೀರನೆ ಇಳಿದಾಗ ಹಳೆಯ ರೆಟಿನಾ ತೊಂದರೆ ಕೆಲವರಲ್ಲಿ ಕೆರಳುತ್ತದೆ. ಶುಗರ್‌ನಿಂದ ಕಿಡ್ನಿ ಕಳೆದುಕೊಂಡವರ ಕಣ್ಣೂ ಸಾಮಾನ್ಯವಾಗಿ ಸ್ವಲ್ಪ ಮಟ್ಟಿಗೆ ಹಾಳಾಗಿಯೇ ಇರುತ್ತದೆ. ಆದ್ದರಿಂದ ಈ ಇಂಜೆಕ್ಷನ್ ಶುರುಮಾಡುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಕಣ್ಣಿಗೆ ಡ್ರಾಪ್ಸ್ ಹಾಕಿ ನೋಡುವ ಪರೀಕ್ಷೆ ಮಾಡಿಸಿಕೊಳ್ಳಿ. ಗ್ಲಿಪ್ಟಿನ್ ತಗೊಳ್ಳುತ್ತಿದ್ದವರು ಇದರ ಜೊತೆ ಅದನ್ನೂ ಮುಂದುವರಿಸುವುದರಲ್ಲಿ ಅರ್ಥ ಇಲ್ಲ, ಎರಡೂ ಒಂದೇ ದಾರಿಯಲ್ಲಿ ಕೆಲಸ ಮಾಡುವವು.

ವಾಂತಿ, ಭೇದಿ, ಉಪವಾಸ

ಜಿಎಲ್‌ಪಿ-1 ಇಂಜೆಕ್ಷನ್‌ನಿಂದ ಮೊದಮೊದಲು ವಾಕರಿಕೆ, ವಾಂತಿ ಬರುತ್ತದೆ. ಬೇರೆಯವರಿಗೆ ಅದು ಬರೀ ಕಿರಿಕಿರಿ. ಕಸಿಯವರಿಗೆ ಟ್ಯಾಕ್ರೋ ನುಂಗಿದ ಹತ್ತು ನಿಮಿಷಕ್ಕೆ ವಾಂತಿಯಾದರೆ ಡೋಸೇ ಹೋದಂತೆ. ಭೇದಿಯ ಕಥೆ ಇನ್ನೂ ವಿಚಿತ್ರ. ಭೇದಿಯಾದರೆ ಮಾತ್ರೆ ಹೊರಗೆ ಹೋಗಿ ಟ್ಯಾಕ್ರೋ ಲೆವೆಲ್ ಇಳಿಯುತ್ತದೆ ಅಂದುಕೊಳ್ಳುತ್ತೇವೆ, ಆಗುವುದು ತಿರುಗಾಮುರುಗಾ. ಟ್ಯಾಕ್ರೋಲಿಮಸ್‌ನ ದೊಡ್ಡ ಭಾಗ ರಕ್ತ ಸೇರುವ ಮೊದಲೇ ಕರುಳಿನ ಗೋಡೆಯಲ್ಲಿ ಒಡೆದುಹೋಗುತ್ತದೆ. ಭೇದಿಯಲ್ಲಿ ಆ ಗೋಡೆ ಸೋತಿರುವುದರಿಂದ ಜಾಸ್ತಿ ಔಷಧಿ ರಕ್ತಕ್ಕೆ ಸೇರಿ ಲೆವೆಲ್ ಏರುತ್ತದೆ, ಕೈ ನಡುಗುತ್ತದೆ, ಕ್ರಿಯಾಟಿನಿನ್ ಏರುತ್ತದೆ, ಶುಗರ್ ಕೂಡ ಏರುತ್ತದೆ. ಭೇದಿ ತರುವುದಕ್ಕೆ ಮೈಕೋಫಿನೊಲೇಟ್ ಇದೆ, ಮೆಟ್‌ಫಾರ್ಮಿನ್ ಇದೆ, ಈ ಇಂಜೆಕ್ಷನ್ ಇದೆ, ಜಾತ್ರೆಯಲ್ಲಿ ತಿಂದ ಪಾನಿಪುರಿಯೂ ಇದೆ. ಕಾರಣ ಯಾವುದೇ ಇರಲಿ, ಒಂದು ದಿನದಲ್ಲಿ ನಿಲ್ಲದಿದ್ದರೆ ಟ್ರಾನ್ಸ್‌ಪ್ಲಾಂಟ್ ಡಾಕ್ಟರಿಗೆ ಫೋನ್ ಮಾಡಬೇಕು.

ಅಂಥ ದಿನಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು ಅನ್ನುವುದನ್ನು ಮೊದಲೇ ಡಾಕ್ಟರ ಹತ್ತಿರ ಬರೆಸಿಕೊಂಡಿರಿ. ಸಾಮಾನ್ಯ ನಿಯಮ ಹೀಗೆ: ವಾಂತಿ, ಭೇದಿ, ಜೋರು ಜ್ವರ, ಊಟ ಸೇರದ ದಿನ, ಆಪರೇಷನ್‌ಗೆ ಮುಂಚೆ, ಮೆಟ್‌ಫಾರ್ಮಿನ್ ಮತ್ತು ಎಸ್‌ಜಿಎಲ್‌ಟಿ2 ಮಾತ್ರೆ ನಿಲ್ಲಿಸುತ್ತಾರೆ. ಇನ್ಸುಲಿನ್ ಪೂರ್ತಿ ನಿಲ್ಲಿಸುವುದಿಲ್ಲ, ಡೋಸ್ ಕೇಳಿಕೊಂಡು ಬದಲಿಸುತ್ತಾರೆ. ಸ್ಟೆರಾಯ್ಡ್ ಮತ್ತು ಟ್ಯಾಕ್ರೋ ನೀವಾಗಿಯೇ ಯಾವ ದಿನವೂ ನಿಲ್ಲಿಸುವಂತಿಲ್ಲ. ಶಿವರಾತ್ರಿ, ಏಕಾದಶಿ, ರಂಜಾನ್ ಉಪವಾಸ ಮಾಡುವವರಿಗೆ ಒಂದು ಮಾತು: ಎಸ್‌ಜಿಎಲ್‌ಟಿ2 ಮಾತ್ರೆ ನುಂಗಿ ದಿನವಿಡೀ ಹೊಟ್ಟೆ ಖಾಲಿ ಇಟ್ಟರೆ ರಕ್ತ ಹುಳಿಯಾಗುವ ಕೀಟೋಆಸಿಡೋಸಿಸ್ ಬರಬಹುದು. ಇದರಲ್ಲಿ ಮೋಸ ಏನೆಂದರೆ ಮೀಟರ್‌ನಲ್ಲಿ ಶುಗರ್ 160, 180 ಅಷ್ಟೇ ತೋರಿಸುತ್ತಿರುತ್ತದೆ. ಹೊಟ್ಟೆನೋವು, ವಾಂತಿ, ಏದುಸಿರು ಇದ್ದರೆ ಮೀಟರ್ ನೋಡಿ ಸಮಾಧಾನ ಮಾಡಿಕೊಳ್ಳದೆ ಆಸ್ಪತ್ರೆಗೆ ಹೋಗಿ, ಇಂಥ ಮಾತ್ರೆ ತಗೊಳ್ಳುತ್ತಿದ್ದೇನೆ ಅಂತ ಅಲ್ಲಿ ಬಾಯಿಬಿಟ್ಟು ಹೇಳಿ.

ಅಡುಗೆಮನೆಯ ಔಷಧಿಗಳ ಬಗ್ಗೆ ಬರೆಯದಿದ್ದರೆ ಈ ವಿಷಯ ಮುಗಿಯುವುದಿಲ್ಲ. ಸಾಂಬಾರಿಗೆ ಹಾಕುವ ಮೆಂತ್ಯ, ವಾರಕ್ಕೊಮ್ಮೆ ಹಾಗಲಕಾಯಿ ಪಲ್ಯ, ಇದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಶುಗರ್‌ಗೆ ಒಳ್ಳೆಯದು ಅಂತ ನೆಂಟರು ತಂದುಕೊಡುವ ಪುಡಿ, ಕಷಾಯದ ಕಥೆ ಬೇರೆ. ಅಮೃತಬಳ್ಳಿಯನ್ನೇ ತಗೊಳ್ಳಿ. ಕೊರೋನಾ ಕಾಲದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಅಂತ ಮನೆಮನೆಯಲ್ಲಿ ಕುದಿಸಿ ಕುಡಿದರು, ಲಿವರ್‌ಗೆ ಪೆಟ್ಟು ಬಿದ್ದವರ ಬಗ್ಗೆ 2021ರಲ್ಲಿ ಮುಂಬೈ ಡಾಕ್ಟರುಗಳು ವರದಿಯನ್ನೂ ಬರೆದರು. ಅದಿರಲಿ, ಕಸಿಯವರು ದಿನಕ್ಕೆರಡು ಸಲ ಮಾತ್ರೆ ನುಂಗುವುದೇ ಆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲಿಕ್ಕೆ! ಅದನ್ನು ಎಬ್ಬಿಸುವ ಯಾವ ಸೊಪ್ಪು, ಬೇರು, ಲೇಹ್ಯವೂ ಅವರಿಗೆ ಹೊಂದುವುದಿಲ್ಲ, ಅಶ್ವಗಂಧವೂ ಸೇರಿ.

ಹಣ್ಣಿನಲ್ಲಿ ನಮ್ಮ ಕಡೆಯವರು ಎಚ್ಚರ ಇರಬೇಕಾದದ್ದು ಚಕ್ಕೋತದ ಬಗ್ಗೆ. ಕಸಿಯವರಿಗೆ ಆಸ್ಪತ್ರೆಯಲ್ಲಿ ಕೊಡುವ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಬರೆದಿರುತ್ತಾರೆ, ನಮ್ಮಲ್ಲಿ ಅದು ಎಲ್ಲಿ ಸಿಗುತ್ತದೆ ಅಂತ ಸುಮ್ನೆ ಪಕ್ಕಕ್ಕಿಡುತ್ತೇವೆ. ಅದರ ಹತ್ತಿರದ ನೆಂಟನೇ ನಮ್ಮ ದೇವನಹಳ್ಳಿ ಚಕ್ಕೋತ. ಕರುಳಿನಲ್ಲಿ ಟ್ಯಾಕ್ರೋಲಿಮಸ್ ಒಡೆಯುವ ಕಿಣ್ವವನ್ನು ಇದೂ ತಡೆಯುತ್ತದೆ, ಚಕ್ಕೋತ ತಿಂದು ಟ್ಯಾಕ್ರೋ ಲೆವೆಲ್ ಏರಿದ ರೋಗಿಯ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಸಿಹಿ ಕಡಿಮೆ ಇರುವ ಹಣ್ಣು, ಶುಗರ್‌ಗೆ ಒಳ್ಳೆಯದು ಅಂತ ಯಾರಾದರೂ ತಂದುಕೊಟ್ಟರೆ ಅವರಿಗೇ ವಾಪಸ್ ಕೊಟ್ಟುಬಿಡಿ. ಶುಗರ್ ಇದ್ದರೂ ಮಿತಿಯಲ್ಲಿ ತಿನ್ನಲು ಸೀಬೆಹಣ್ಣು ಇದೆ, ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು ತಿನ್ನಿ.